ಜಪಾನಿನ ಮೀನು ದಾಖಲೆ ಮುರಿಯಿತೇ?

'77 ವರ್ಷದ ದಾಖಲೆ ಮುರಿದ ಜಪಾನಿನ ಮೀನು' ಎಂಬ ಫೋಟೋ ಸಂದೇಶ ಗಾಳ ಹಾಕುವವರ ಗುಂಪುಗಳಲ್ಲಿ ಓಡಾಡುತ್ತದೆ. ಗಾಳಕ್ಕೆ ಸಿಕ್ಕ ಅತಿ ಭಾರದ ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರ ಮೀನಿನ ದಾಖಲೆಯ ಮಾತಿದು. ಮೀನು ನಿಜ, ತೂಕವೂ ನಿಜ. ದಾಖಲೆ ಮಾತ್ರ ಮುರಿದಿಲ್ಲ.

1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬಾತ ಲಾರ್ಜ್‌ಮೌತ್ ಬಾಸ್ ಹಿಡಿದ. ತೂಕ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10.09 ಕಿಲೋ. ಮನೆಯವರು ಅದನ್ನು ತಿಂದೂ ಮುಗಿಸಿದರು! 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು 22 ಪೌಂಡ್ 4.97 ಔನ್ಸ್. ಒಂದು ಔನ್ಸೂ ಜಾಸ್ತಿ ಇಲ್ಲ. ಈ ಗಾತ್ರದ ಮೀನಿನಲ್ಲಿ ಹಳೆಯ ದಾಖಲೆಯನ್ನು ಅಳಿಸಲು ಕನಿಷ್ಠ 2 ಔನ್ಸ್ ಹೆಚ್ಚು ತೂಗಬೇಕು ಎಂದು ಗಾಳದ ಮೀನುಗಳ ವಿಶ್ವದಾಖಲೆ ಇಡುವ ಅಂತಾರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆಯ ನಿಯಮ. ಹಾಗಾಗಿ ಇಬ್ಬರದೂ ಸಮಬಲ. ಇಬ್ಬರ ಹೆಸರೂ ಪಟ್ಟಿಯಲ್ಲಿದೆ. ನನಗಂತೂ ಇದೇ ಹೆಚ್ಚು ಚೆಂದ ಅನಿಸುತ್ತದೆ.

ಇನ್ನೊಂದು ಮಾತು. ಸ್ಮಾಲ್‌ಮೌತ್ ಬಾಸ್ ಎಂಬ ಇನ್ನೊಂದು ಮೀನಿದೆ; ಅದು ಲಾರ್ಜ್‌ಮೌತ್‌ನ ಮರಿಯಲ್ಲ, ಬೇರೆಯೇ ಜಾತಿ. ಬಾಯಿ ಮುಚ್ಚಿದಾಗ ದೊಡ್ಡ ಲಾರ್ಜ್‌ಮೌತ್‌ನ ಮೇಲ್ದವಡೆ ಕಣ್ಣನ್ನು ದಾಟುತ್ತದೆ, ಸ್ಮಾಲ್‌ಮೌತ್‌ನದು ದಾಟುವುದಿಲ್ಲ. ಎರಡೂ ಸನ್‌ಫಿಶ್ ಕುಟುಂಬದ ಸಿಹಿನೀರ ಮೀನುಗಳು.

ಗಾಳದವರಿಗೆ ಇವುಗಳ ಹುಚ್ಚು ಯಾಕೆ? ಲಾರ್ಜ್‌ಮೌತ್ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ, ಸುಳ್ಳು ಹುಳುವಿನ ಮೇಲೂ ಎರಗುತ್ತದೆ. ಸಿಕ್ಕಿಬಿದ್ದರೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಆ ಒಂದು ಕ್ಷಣಕ್ಕಾಗಿ ದಿನಗಟ್ಟಲೆ ಕಾಯುವವರಿದ್ದಾರೆ. ಆದರೆ ಜಪಾನಿಗೆ ಇದು 1925ರಲ್ಲಿ ಹೊರಗಿನಿಂದ ತಂದ ಮೀನು. ಅಲ್ಲಿನ ಸ್ಥಳೀಯ ಮೀನುಗಳನ್ನು ತಿನ್ನುತ್ತದೆಂದು 2005ರಿಂದ ಕಾನೂನಿನ ನಿರ್ಬಂಧವಿದೆ. ಆ ಫೋಟೋ ಜೊತೆ ಇದನ್ನೂ ಹೇಳಬೇಕು, ಅಲ್ವಾ?