ಸ್ಪಷ್ಟನೆ: ಸಸ್ಯದ ಜೀವಕೋಶದಲ್ಲೂ ಮೈಟೋಕಾಂಡ್ರಿಯ ಇದೆ

‘ಪ್ರಾಣಿಕೋಶದಲ್ಲಿ ಮೈಟೋಕಾಂಡ್ರಿಯ, ಸಸ್ಯಕೋಶದಲ್ಲಿ ಅದರ ಬದಲು ಕ್ಲೋರೋಪ್ಲಾಸ್ಟ್’ ಎನ್ನುವ ಚಾರ್ಟ್ ಒಂದು ಏಳು-ಎಂಟನೇ ತರಗತಿ ಮಕ್ಕಳ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಹಸಿರು ಎಲೆಯ ಕೋಶದೊಳಗೆ ಈ ಎರಡೂ ಪುಟ್ಟ ಭಾಗಗಳು ಇರುತ್ತವೆ.

ಎರಡರ ಕೆಲಸವೇ ಬೇರೆ. ಕ್ಲೋರೋಪ್ಲಾಸ್ಟ್ ಬಿಸಿಲು, ನೀರು, ಕಾರ್ಬನ್ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯ ಶಕ್ತಿಯನ್ನು ಕೋಶ ನೇರವಾಗಿ ಬಳಸುವ ಎಟಿಪಿ ಎಂಬ ಅಣುವಿನ ರೂಪಕ್ಕೆ ತರುವ ಕೆಲಸ ಹೆಚ್ಚಾಗಿ ನಡೆಯುವುದು ಮೈಟೋಕಾಂಡ್ರಿಯದಲ್ಲಿ. ಅಡುಗೆ ಮಾಡಿದವರೂ ಊಟ ಮಾಡಬೇಕು, ಅಲ್ವಾ?

ಮಕ್ಕಳಿಗೆ ಇದನ್ನು ಮನೆಯಲ್ಲೇ ತೋರಿಸಬಹುದು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಮುಚ್ಚಿಟ್ಟ ಹೆಸರುಕಾಳಿಗೆ ಬೆಳಕು ಬೀಳುವುದಿಲ್ಲ. ಆದರೂ ಬಿಳಿ ಮೊಳಕೆ ಬರುತ್ತದೆ. ಕಾಳು ಜಾಸ್ತಿ ಇದ್ದರೆ ಗಂಟಿನೊಳಗೆ ಬೆರಳಿಟ್ಟಾಗ ಬೆಚ್ಚಗಿರುತ್ತದೆ. ಕೂಡಿಟ್ಟ ಆಹಾರವನ್ನು ಕಾಳಿನ ಕೋಶಗಳು, ಹೆಚ್ಚಾಗಿ ಮೈಟೋಕಾಂಡ್ರಿಯದಲ್ಲಿ, ಒಡೆದು ಬಳಸುವಾಗ ಬರುವ ಶಾಖ ಅದು.

ತರಗತಿಯ ಈರುಳ್ಳಿ ಪೊರೆಯ ಪ್ರಯೋಗದಿಂದಲೂ ಗೊಂದಲ ಆಗಬಹುದು. ಅಯೋಡಿನ್ ಹನಿ ಹಾಕಿ ನೋಡಿದರೆ ಇಟ್ಟಿಗೆ ಸಾಲಿನಂಥ ಕೋಶಭಿತ್ತಿ, ಒಳಗೆ ಕೋಶಕೇಂದ್ರ ಕಾಣುತ್ತವೆ. ಮೈಟೋಕಾಂಡ್ರಿಯ ಇದ್ದರೂ ಶಾಲೆಯ ಮೈಕ್ರೋಸ್ಕೋಪಿನಲ್ಲಿ ಕಾಣುವಷ್ಟು ದೊಡ್ಡದಲ್ಲ. ಆ ಪೊರೆಯಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲವೇ ಇಲ್ಲ. ಅದನ್ನು ತೋರಿಸಲು ಹೈಡ್ರಿಲ್ಲಾ ಎಂಬ ನೀರಿನ ಗಿಡದ ಎಲೆ ಒಳ್ಳೆಯದು.

ಚಾರ್ಟ್ ಕಳಿಸಿದವರು ದಯವಿಟ್ಟು ತಿದ್ದಿ ಮತ್ತೆ ಕಳಿಸಿ. ಮೈಟೋಕಾಂಡ್ರಿಯವನ್ನು ‘ಎರಡರಲ್ಲೂ ಇದೆ’ ಎನ್ನುವ ಕಡೆ ಬರೆಯಿರಿ. ಕ್ಲೋರೋಪ್ಲಾಸ್ಟ್ ಮುಂದೆ ‘ಸಸ್ಯದ ಹಸಿರು ಭಾಗಗಳಲ್ಲಿ’ ಎಂದು ಸೇರಿಸಿ.