ಗ್ರಾಂ ರಾಯನ ಜೊತೆ ಸಹಾರಾದಲ್ಲಿ

ಬೆಂಗಳೂರಿಗೆ ವಾಪಸ್ ಬಂದು ಹತ್ತು ದಿನ ಆಯಿತು. ಕಾಲಿನ ಬೊಬ್ಬೆಗಳು ಒಣಗಿವೆ, ಸಿಟ್ಟು ಮಾತ್ರ ಇನ್ನೂ ಹಸಿಯಾಗೇ ಇದೆ. ಇವತ್ತು ಬೆಳಿಗ್ಗೆ ನಮ್ಮ ಓಟದ ವಾಟ್ಸಾಪ್ ಗುಂಪಿನಲ್ಲಿ ಅವನದೊಂದು ಸಂದೇಶ: "ಮುಂದಿನ ಸಲ ಎಲ್ಲರ ಬ್ಯಾಗೂ ಇನ್ನೊಂದು ಕೆಜಿ ಇಳೀಬೇಕು ಮಾರಾಯ್ರೆ."

ಹೆಸರು ಬೇಡ. ಗ್ರಾಂ ರಾಯ ಅಂತಿಟ್ಟುಕೊಳ್ಳೋಣ.

ನಾವು ಐದು ಜನ ಕಬ್ಬನ್ ಪಾರ್ಕಿನಲ್ಲಿ ಓಡಿ, ಆಮೇಲೆ ಮಸಾಲೆದೋಸೆ ತಿಂದು, ಓಡಿದ್ದಕ್ಕಿಂತ ಜಾಸ್ತಿ ತೂಕದಲ್ಲಿ ಮನೆಗೆ ಹೋಗುವವರು. ಅಂಥವರು ಮೊರಾಕ್ಕೊದ 'ಮ್ಯಾರಥಾನ್ ದೆ ಸಾಬ್ಲ್'ಗೆ ಹೆಸರು ಕೊಟ್ಟೆವು. 1986ರಿಂದ ನಡೆಯುತ್ತಿರುವ ಓಟ, ಸಹಾರಾದ ಮರಳಲ್ಲಿ ಸುಮಾರು 250 ಕಿಲೋಮೀಟರ್. ನೀರು ಮತ್ತು ಡೇರೆ ಅವರು ಕೊಡುತ್ತಾರೆ. ವಾರದ ಊಟ, ಮಲಗುವ ಚೀಲ, ಸೀಟಿ, ದಿಕ್ಸೂಚಿ, ಚಾಕು, ಹಾವು-ಚೇಳು ಕಚ್ಚಿದರೆ ವಿಷ ಹೀರುವ ಪಂಪು, ಎಲ್ಲ ನಮ್ಮ ಬೆನ್ನ ಮೇಲೆ. ಊಟ ದಿನಕ್ಕೆ 2,000 ಕ್ಯಾಲೊರಿಗೆ ಕಮ್ಮಿ ಇರಬಾರದು. ಬ್ಯಾಗು ನೀರು ಬಿಟ್ಟು ಆರೂವರೆ ಕೆಜಿಯಿಂದ ಹದಿನೈದರೊಳಗೆ ಇರಬೇಕು.

ಈ ಲೆಕ್ಕ ಓದಿದ ದಿನವೇ ರಾಯ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಕೊಂಡ. ಅಕ್ಕಸಾಲಿಗರು ಮೂಗುತಿ ತೂಗುತ್ತಾರಲ್ಲ, ಅಂಥದ್ದು. ಆಮೇಲೆ ಅವನ ಬಾಯಲ್ಲಿ ಒಂದೇ ಮಂತ್ರ: "ಹನಿ ಹನಿ ಕೂಡಿದ್ರೆ ಹಳ್ಳ ಮಾರಾಯ." ಹಲ್ಲುಜ್ಜುವ ಬ್ರಶ್ಶಿನ ಹಿಡಿ ಮುರಿದ. ಚಮಚದ ಬಾಲ ಕತ್ತರಿಸಿದ. ಚಡ್ಡಿಯ ಒಳಗೆ ಹೊಲಿದಿದ್ದ ಸೈಜಿನ ಚೀಟಿ ಕಿತ್ತ. ಓಟಕ್ಕೆ 200 ಯೂರೋ ನಗದು ಇಟ್ಟುಕೊಳ್ಳಬೇಕು ಅಂತ ನಿಯಮ ಇದೆ. ಅದಕ್ಕೆ ಊರೆಲ್ಲ ಅಲೆದು ಇನ್ನೂರರ ಒಂದೇ ನೋಟು ತಂದ. ಇಪ್ಪತ್ತರ ಹತ್ತು ನೋಟು ಭಾರ ಅಂತೆ! ವಿಮಾನದಲ್ಲಿ ಪಕ್ಕದಲ್ಲೇ ಕೂತಿದ್ದೆ. ಪಾಸ್‌ಪೋರ್ಟಿನ ಖಾಲಿ ಹಾಳೆಗಳನ್ನು ಅವನು ಆಸೆಯಿಂದ ನೋಡುತ್ತಿದ್ದ. ಸುಮ್ನೆ ಹೇಳುತ್ತಿಲ್ಲ, ಹೆದರಿ ಅದನ್ನು ಕಿತ್ತುಕೊಂಡು ನನ್ನ ಜೇಬಲ್ಲಿಟ್ಟುಕೊಂಡೆ.

ಮೊರಾಕ್ಕೊದ ಕಾಸಾಬ್ಲಾಂಕಾ ಊರು ಕಂಡದ್ದು ನೆನಪಿಲ್ಲ. ಮರುಭೂಮಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯಾಚೆ ಖರ್ಜೂರದ ಮರ, ಮಣ್ಣಿನ ಕೋಟೆಗಳು. ಒಳಗೆ ರಾಯ ನಮ್ಮ ಬಾದಾಮಿ ಎಣಿಸುತ್ತಿದ್ದ.

ಓಟದ ಹಿಂದಿನ ದಿನ ತಪಾಸಣೆ. ಸೂಟ್‌ಕೇಸು ಒಪ್ಪಿಸಿಬಿಟ್ಟರೆ ಮತ್ತೆ ಕೈಗೆ ಸಿಗುವುದು ಓಟ ಮುಗಿದ ಮೇಲೇ. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೇ ರಾಯ ಹಣೆಗೆ ದೀಪ ಕಟ್ಟಿಕೊಂಡು ಎದ್ದ. ಎಂಟು ಜನ ಮಲಗುವ ಕಪ್ಪು ಡೇರೆ ಅದು, ಎರಡೂ ಕಡೆ ಬಟಾಬಯಲು. ಚಾಪೆ ಕೆಳಗೆ ಕಲ್ಲು, ಮೇಲೆ ರಾಯ. ಒಬ್ಬೊಬ್ಬರ ಬ್ಯಾಗನ್ನೂ ಸುರುವಿದ. ನನ್ನ ಕೋಡುಬಳೆ, 410 ಗ್ರಾಂ, ಸೂಟ್‌ಕೇಸಿಗೆ. ಬೆಲ್ಲ, ಸೂಟ್‌ಕೇಸಿಗೆ. ಹೆಚ್ಚುವರಿ ಕಾಲುಚೀಲ ಕೂಡ. ಡೇರೆಯಲ್ಲಿ ಪರದೇಶದವರು ಮೂವರಿದ್ದರು. ಇದ್ಯಾವುದೋ ನಮ್ಮ ಪೂಜೆ ಇರಬೇಕು ಅಂದುಕೊಂಡು ಪಾಪ ಸದ್ದಿಲ್ಲದೆ ನೋಡುತ್ತಿದ್ದರು.

ಕೊನೆಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ಅವನ ಕೈಗೆ ಸಿಕ್ಕಿತು. ಧಾರವಾಡದಿಂದ ಅವ್ವ ಕಳಿಸಿದ್ದು. "ಇದರ ಮೇಲೆ ಕ್ಯಾಲೊರಿ ಎಲ್ಲಿ ಬರೆದಿದೆ?" ಅಂದ. ಅವ್ವ ಕ್ಯಾಲೊರಿ ಬರೆಯುತ್ತಾಳಾ? ಪುಡಿಯನ್ನು ತೆಳ್ಳಗಿನ ಕವರಿಗೆ ಸುರಿದು, ಹಳೆಯ ಪೊಟ್ಟಣ ಹರಿದು ಕಸಕ್ಕೆ ಎಸೆದ. ಅವನು ಆಚೆ ತಿರುಗಿದಾಗ ಅದರ ಮೇಲೆ ಅಂಟಿಸಿದ್ದ ಚೀಟಿ ಎತ್ತಿಕೊಂಡೆ.

ತಪಾಸಣೆಯ ಸಾಲು ಉದ್ದ ಇತ್ತು. ಬಿಸಿಲಲ್ಲಿ ನಿಂತು ಚೀಟಿ ಬಿಡಿಸಿದೆ. "ಖಾರ ಕಮ್ಮಿ ಹಾಕೀನಿ. ನೀರು ಜಾಸ್ತಿ ಕುಡಿ." ಹೊರಡುವ ಮುಂಚೆ ಅವ್ವ ಫೋನಿನಲ್ಲಿ, ಅಲ್ಲಿ ಹೋಗಿ ಓಡೋಕೆ, ಇಲ್ಲಿ ರಸ್ತಾ ಇಲ್ಲೇನು ಅಂತ ಕೇಳಿದ್ದಳು. ನಕ್ಕು ಇಟ್ಟುಬಿಟ್ಟಿದ್ದೆ. ಸುತ್ತ ನೋಡಿದರೆ ಕಣ್ಣು ಹಾಯುವಷ್ಟೂ ಕಂದು ಬಯಲು. ಒಂದು ನಿಮಿಷ ನನಗೂ ಉತ್ತರ ಹೊಳೆಯಲಿಲ್ಲ.

ಅಷ್ಟರಲ್ಲಿ ಮುಂದೆ ಏನೋ ಗಲಾಟೆ. ರಾಯನ ಬ್ಯಾಗು ಅಲ್ಲಿನ ದೊಡ್ಡ ತಕ್ಕಡಿಯ ಕೊಕ್ಕೆಗೆ ನೇತಾಡುತ್ತಿತ್ತು. 6.32 ಕೆಜಿ. ಮೇಜಿನ ಹಿಂದಿನ ಹೆಂಗಸು ತಲೆಯಾಡಿಸಿ, 180 ಗ್ರಾಂ ಕಮ್ಮಿ ಇದೆ, ಏನಾದರೂ ಸೇರಿಸಿಕೊಂಡು ಬನ್ನಿ ಅಂದಳು. ಸೇರಿಸಲು ಏನಿದೆ? ಸೂಟ್‌ಕೇಸುಗಳು ಆಗಲೇ ಲಾರಿ ಹತ್ತಿದ್ದವು. ನಮ್ಮ ಬ್ಯಾಗುಗಳನ್ನು ಅವನೇ ಬರಿದು ಮಾಡಿದ್ದ.

ಮೆಲ್ಲಗೆ ನನ್ನ ಹತ್ತಿರ ಬಂದ. "ಮಾರಾಯ, ಆ ಚಟ್ನಿಪುಡಿ..."

"ಕ್ಯಾಲೊರಿ ಬರೆದಿಲ್ಲಪ್ಪ" ಅಂದೆ.

ಸಾಲಿನಿಂದ ಹೊರಗೆ ಹೋದ. ಬಗ್ಗಿ ಒಂದು ಕಲ್ಲು ಎತ್ತಿದ, ಒರೆಸಿದ, ಜೇಬಿನಿಂದ ಮೂಗುತಿ ತಕ್ಕಡಿ ತೆಗೆದು ಅದರ ಮೇಲಿಟ್ಟ. 184 ಗ್ರಾಂ. ಸದ್ಯ ಮುಗಿಯಿತು ಅಂದುಕೊಂಡೆವು. ರಾಯ ಅದನ್ನು ಎಸೆದು, ಇನ್ನೂ ಸ್ವಲ್ಪ ಹಗುರದ್ದು ಹುಡುಕುತ್ತಾ ಮುಂದೆ ಹೋದ.