ಅವರಪ್ಪನ ಥರ, ಅಷ್ಟೆ

ಐವತ್ತೆರಡನೇ ವಯಸ್ಸಿನಲ್ಲಿ ನನಗೆ ನಾಲ್ಕನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ತನ್ನಿ ಎಂದರು ಡಾಕ್ಟರು. ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಬನ್ನಿ ಎಂದರು. ಪೇರೆಂಟ್ಸ್ ಮೀಟಿಂಗ್ ಕಾಟ ಈ ವಯಸ್ಸಿನಲ್ಲೂ ತಪ್ಪಲಿಲ್ಲ ನೋಡಿ.

ಎಡಿಎಚ್‌ಡಿ ಅನ್ನೋ ಈ ಗಮನದ ತೊಂದರೆ ದೊಡ್ಡವರಾದ ಮೇಲೆ ಹೊಸದಾಗಿ ಬಂದು ಸೇರಿಕೊಳ್ಳುವಂಥದ್ದಲ್ಲ. 12 ವರ್ಷ ತುಂಬುವ ಮೊದಲೇ ಅದರ ಲಕ್ಷಣ ಕಂಡಿರಬೇಕು. ಅದಕ್ಕೇ ಹಳೇ ಸಾಕ್ಷಿ ಹುಡುಕುವುದು. ನನ್ನ ಕೇಳಿದರೆ, ನಾಲ್ಕನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಇಷ್ಟು ವರ್ಷ ಜೋಪಾನ ಮಾಡಿದವರನ್ನು ಪರೀಕ್ಷೆಯೇ ಇಲ್ಲದೆ ಮನೆಗೆ ಕಳಿಸಬಹುದು. ಪುಣ್ಯಕ್ಕೆ ಜೋಪಾನ ಮಾಡಿದ್ದು ನಾನಲ್ಲ, ಅಮ್ಮ. ತುಮಕೂರಿನ ಮನೆಯ ಟ್ರಂಕಿನಲ್ಲಿ ಸಿಕ್ಕಿತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಬುದ್ಧಿ ಇದೆ, ಗಮನ ಇಲ್ಲ. ಕಿಟಕಿ ಪಕ್ಕ ಕೂರಿಸಬಾರದು.'

ಅಮ್ಮ ಬಂದಿದ್ದು ನನ್ನ ಪರ ವಾದ ಮಾಡೋಕೆ. ಕುರ್ಚಿಯಲ್ಲಿ ಕೂತವಳೇ ಸೆರಗು ಸರಿ ಮಾಡಿಕೊಂಡು ಶುರು ಮಾಡಿದಳು. "ನಮ್ಮ ಹುಡುಗಿಗೆ ಏನೂ ಇಲ್ಲ ಡಾಕ್ಟ್ರೇ. ಸ್ಲೇಟು ಕಳೆಯೋಳು, ಬಳಪ ಕಳೆಯೋಳು. ಒಂದ್ಸಲ ಅವಳ ತಮ್ಮನ್ನ ದೇವಸ್ಥಾನದಲ್ಲೇ ಬಿಟ್ಟು ಪ್ರಸಾದ ಮಾತ್ರ ತಗೊಂಡು ಬಂದಿದ್ಲು. ಅಷ್ಟು ಬಿಟ್ರೆ ತುಂಬಾ ಚುರುಕು."

ಡಾಕ್ಟರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

"ಅವರಪ್ಪನ ಥರ, ಅಷ್ಟೆ. ಅವರು ಮದುವೆ ಮನೆಯಿಂದ ಯಾರದೋ ಚಪ್ಪಲಿ ಹಾಕ್ಕೊಂಡು ಬಂದಿದ್ರು. ಎರಡೂ ಎಡಗಾಲಿಂದು. ಮನೆಗೆ ಬರೋವರೆಗೂ ಗೊತ್ತೇ ಆಗಿರ್ಲಿಲ್ಲ."

ಈ ತೊಂದರೆ ವಂಶದಲ್ಲಿ ಹರಿದು ಬರುವುದು ಬಹಳ ಜಾಸ್ತಿ ಅಂತ ಪಾಪ ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಲಾಯರಾಗಿ ಬಂದವಳು ಪೊಲೀಸರ ಕಡೆಯ ಮುಖ್ಯ ಸಾಕ್ಷಿಯಾಗಿ ಎದ್ದು ಹೋದಳು.

ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಬೆಂಚು ಹತ್ತಿ ಕುಣಿಯುವ ಹುಡುಗ ಇಡೀ ಸ್ಕೂಲಿಗೆ ಕಾಣುತ್ತಾನೆ. ಕಿಟಕಿ ನೋಡುತ್ತಾ ಸುಮ್ನೆ ಕೂತ ಹುಡುಗಿ ಯಾರಿಗೂ ಕಾಣುವುದಿಲ್ಲ. ಕುಣಿತ ಇಲ್ಲದೆಯೂ ಗಮನದ ಕೊರತೆ ಇರಬಹುದು ಅಂತ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಬರೆದುಕೊಂಡಿದ್ದೇ 1980ರಲ್ಲಿ. ಆಗ ನಾನು ಎರಡನೇ ಕ್ಲಾಸು. ಆ ಸುದ್ದಿ ತುಮಕೂರು ದಾಟಿ ನನ್ನ ತನಕ ಬರುವಷ್ಟರಲ್ಲಿ ನನಗೆ ಮುಟ್ಟು ನಿಲ್ಲುವ ವಯಸ್ಸು. ಆ ವಯಸ್ಸಿನಲ್ಲಿ ಈ ಮರೆವು ಇನ್ನಷ್ಟು ಹೆಚ್ಚುವುದೂ ಉಂಟು. ಹೆಚ್ಚಿದ್ದರಿಂದಲೇ ಡಾಕ್ಟರ ಹತ್ತಿರ ಹೋಗಿದ್ದು.

ಹಾಗಂತ ನನಗೆ ಗಮನವೇ ಇಲ್ಲ ಅನ್ನಬೇಡಿ. ಧಾರಾಳವಾಗಿದೆ, ಆದರೆ ಕರೆದ ಕಡೆ ಬರುವುದಿಲ್ಲ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆ, ಬನಶಂಕರಿಯಲ್ಲಿ ಇಳಿಯಬೇಕು. ಅಲ್ಲಿಂದ ಯಾವ ಬಸ್ಸು ಅಂತ ನೋಡಲು ಫೋನ್ ತೆಗೆದೆ. ಬಸ್ಸಿನಿಂದ ಅದು ಹೇಗೆ ಆಕ್ಟೋಪಸ್‌ಗೆ ಹೋದೆನೋ ದೇವರೇ ಬಲ್ಲ. ಅದಕ್ಕೆ ಮೂರು ಹೃದಯ, ಗೊತ್ತಾ? ಎರಡು ಕಿವಿರುಗಳಿಗೆ, ಒಂದು ಮಿಕ್ಕ ಮೈಗೆ. ಯಾಕಿರಬಹುದು ಅಂತ ಪೂರ್ತಿ ತಿಳಿದುಕೊಂಡು ತಲೆ ಎತ್ತಿದಾಗ ರೇಷ್ಮೆ ಸಂಸ್ಥೆ. ಹಸಿರು ಮಾರ್ಗ ಅಲ್ಲಿಗೆ ಮುಗಿಯುತ್ತದೆ. ಇಲ್ಲದಿದ್ದರೆ ಕನಕಪುರ ನೋಡಿಕೊಂಡೇ ಬರುತ್ತಿದ್ದೆ.

"ಅಯ್ಯೋ, ಅದೆಲ್ಲಾ ಎಲ್ಲರಿಗೂ ಇರುತ್ತೆ ಬಿಡ್ರೀ" ಅನ್ನುವವರಿದ್ದಾರೆ. ಛತ್ರಿ ಎಲ್ಲರೂ ಮರೆಯುತ್ತಾರೆ, ಒಪ್ಪಿದೆ. ಆದರೆ ನಾನು ಬ್ಯಾಂಕಿನಲ್ಲಿದ್ದಾಗ ಪ್ರಮೋಷನ್ ಪರೀಕ್ಷೆಗೆ ತಿಂಗಳುಗಟ್ಟಲೆ ಓದಿ, ಅರ್ಜಿಯನ್ನು ಕೊನೇ ದಿನದ ಮಾರನೇ ದಿನ ತೆಗೆದುಕೊಂಡು ಹೋದೆ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ ಆ ವರ್ಷ ನನಗೇ ಮೇಲಧಿಕಾರಿಯಾದ. ಸೋಂಬೇರಿ ಅಂತ ನನ್ನನ್ನು ಬೈದವರಲ್ಲಿ ನಾನೇ ಮೊದಲಿಗಳು. ಹಾಗಾಗಿ ಆ 'ಬಿಡ್ರೀ' ಕೇಳಿದರೆ ಈಗ ನನಗೆ ನಗು ಬರುವುದಿಲ್ಲ.

ಮಾತ್ರೆ ಕೊಟ್ಟಿದ್ದಾರೆ. ಮೀಥೈಲ್‌ಫೆನಿಡೇಟ್ ಅಂತ. 1944ರಲ್ಲಿ ಅದನ್ನು ತಯಾರಿಸಿದ ಪ್ಯಾನಿಜ಼ಾನ್ ಅನ್ನುವವರ ಹೆಂಡತಿಯನ್ನು ಮನೆಯಲ್ಲಿ ರೀಟಾ ಅನ್ನುತ್ತಿದ್ದರಂತೆ. ಅದರಿಂದಲೇ ರಿಟಾಲಿನ್ ಅನ್ನೋ ಹೆಸರು. ಇದನ್ನು ಹೇಳಿದಾಗ ನಮ್ಮೆಜಮಾನರು ಪೇಪರಿನಿಂದ ಕಣ್ಣು ತೆಗೆಯದೆ, "ನಿನ್ನ ಹೆಸರಲ್ಲಿ ತಯಾರಿಸಿದ್ರೆ ಎಕ್ಸ್‌ಪೈರಿ ಡೇಟ್ ಹಾಕೋದೇ ಮರೆತುಹೋಗ್ತಿತ್ತು" ಅಂದರು. ಚೀಟಿ ಇಲ್ಲದೆ ಈ ಮಾತ್ರೆ ಯಾರೂ ಕೊಡುವಂತಿಲ್ಲ, ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. ಸರಿಯೇ. ಆದರೆ ಮರೆಯುವವರ ಮಾತ್ರೆಗೆ ಚೀಟಿ ಮರೆಯದೆ ತನ್ನಿ ಅನ್ನುವ ಕಾನೂನು ಮಾಡಿದವರನ್ನು ಒಮ್ಮೆ ನೋಡಬೇಕು.

ಮಾತ್ರೆಯಿಂದ ಅನುಕೂಲ ಇದೆ. ತಲೆಯಲ್ಲಿ ಒಟ್ಟಿಗೆ ಹಾಡುತ್ತಿದ್ದ ನಾಲ್ಕು ರೇಡಿಯೋದಲ್ಲಿ ಮೂರು ನಿಂತಿವೆ. ಯಾವ ಮೂರು ನಿಲ್ಲಿಸಬೇಕು ಅನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಮೊದಲನೇ ದಿನ ಮಾತ್ರೆ ನುಂಗಿ, ಸಂಪಿನಿಂದ ನೀರು ಏರಿಸಲು ಮೋಟರ್ ಹಾಕಿ, ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಲು ಕೂತೆ. ಅಷ್ಟು ಏಕಾಗ್ರತೆ ಜನ್ಮದಲ್ಲಿ ಕಂಡಿರಲಿಲ್ಲ. ಟ್ಯಾಂಕ್ ತುಂಬಿ, ಸಜ್ಜಾ ತೊಳೆದು, ಬೀದಿಗೆ ಹರಿದು, ಎದುರು ಮನೆಯವರು "ಏನ್ರೀ, ಮೋಟರ್!" ಅಂತ ಕೂಗುವವರೆಗೂ ಅಂಟಿಸುತ್ತಲೇ ಇದ್ದೆ.

ಈ ಮೋಟರ್ ಪುರಾಣ ಹಳೆಯದು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಲ್ಲದೆ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ವಾ? ಆಗಲೂ ನಮ್ಮ ಟ್ಯಾಂಕ್ ಉಕ್ಕಿತು. ಕೆಳಗೆ ನಿಲ್ಲಿಸಿದ್ದ ಕಾರು ತನ್ನ ಪಾಡಿಗೆ ತಾನು ಸ್ನಾನ ಮುಗಿಸಿತು. ಒರೆಸಿ ಒಣಗಿಸುವಷ್ಟರಲ್ಲಿ ನಮ್ಮೆಜಮಾನರ ಬಿಪಿ ಏರಿತ್ತು.

ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ, ಟ್ಯಾಂಕ್ ತುಂಬಿದರೆ ಮೋಟರ್ ತಾನೇ ನಿಲ್ಲುವ ಹಾಗೆ ಸೆನ್ಸರ್ ಹಾಕಿಸಿದೆವು. ಮಾತ್ರೆಗಿಂತ ಅಗ್ಗ, ಚೀಟಿಯೂ ಬೇಡ. ಬೀದಿ ಒಣಗಿತು. ಒಂದು ವಾರ ಕಳೆದಿರಬಹುದು, ಎದುರು ಮನೆಯವರು ಗೇಟಿನ ಹತ್ತಿರ ಬಂದು ನಿಂತರು. ಹಿಂದೆ ಅವರ ಮನೆ ಮೇಲಿಂದ ನೀರು ಧೋ ಅಂತ ಸುರಿಯುತ್ತಿತ್ತು.

"ಅಲ್ರೀ, ಹೇಳದೆ ಕೇಳದೆ ಸೆನ್ಸರ್ ಹಾಕಿಸಿದ್ರೆ ಹೇಗೆ? ನಿಮ್ಮ ಟ್ಯಾಂಕ್ ಸುರಿದಾಗ ತಾನೆ ನಾನು ನಮ್ಮ ಮೋಟರ್ ಆಫ್ ಮಾಡ್ತಿದ್ದಿದ್ದು!"